ಬ್ರೆಕ್ ಮನೆಯ ಪಾಲಿನ ಗೋಡೆ

ಥೋರಾ ಬೆಳಿಗ್ಗೆ ಎಚ್ಚರವಾದ ಮೇಲೆ ಮೊದಲು ಮಾಡುವ ಕೆಲಸ ಕಾಲನ್ನು ಕೇಳುವುದು. ಹಾಸಿಗೆಯಲ್ಲಿ ಮಲಗಿದ್ದ ಹಾಗೇ ಬಲಗಾಲಿನ ಬೆರಳು ಆಡಿಸುತ್ತಾಳೆ, ಆಡುತ್ತದೆ. ಎಡಗಾಲಿನ ಬೆರಳು ಆಡಿಸುತ್ತಾಳೆ, ಅದು ಯೋಚನೆ ಮಾಡುತ್ತದೆ. ಒಂದೊಂದು ದಿನ ಯೋಚನೆ ಮಾಡಿ ಆಡುತ್ತದೆ, ಒಂದೊಂದು ದಿನ ಯೋಚನೆ ಮಾಡಿ ಸುಮ್ಮನಾಗುತ್ತದೆ. ಗಂಡ ಗಿಬ್ಬಿ ಇದಕ್ಕೆ ಹೇಳುವುದು ಒಂದೇ ಮಾತು: "ನಿನ್ನ ಎಡಗಾಲು ಬೇರೆ ಸಂಸಾರ ಹೂಡಿದೆ ಕಣೇ. ಮನಸ್ಸು ಬಂದ್ರೆ ಈ ಕಡೆ ಬರತ್ತೆ, ಇಲ್ಲಾಂದ್ರೆ ಇಲ್ಲ." ಮೊದಮೊದಲು ಈ ಮಾತಿಗೆ ಅವಳು ನಗುತ್ತಿದ್ದಳು. ಈಗ ನಗುವುದಕ್ಕೂ ಒಂದಿಷ್ಟು ಶಕ್ತಿ ಬೇಕು. ಅದನ್ನು ಬೇರೆ ಕೆಲಸಕ್ಕೆ ಅಂತ ಎತ್ತಿಡುತ್ತಾಳೆ.

ರೋಗದ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಈ ಆರ್ಕ್ನಿ ದ್ವೀಪಗಳಲ್ಲಿ ಅಷ್ಟುದ್ದ ಯಾರೂ ಹೇಳುವುದಿಲ್ಲ, ಎಂ.ಎಸ್. ಅಂದರೆ ಸಾಕು. ಯಾರದೋ ಚಿಕ್ಕಮ್ಮನಿಗೆ, ಯಾರದೋ ಭಾವನಿಗೆ ಇದ್ದೇ ಇರುತ್ತದೆ. ನಮ್ಮಲ್ಲೇ ಏಕೆ ಇಷ್ಟು ಅಂತ ತಿಳಿಯಲು ಬಂದವರಿಗೆಲ್ಲ ಜನ ತೋಳು ಚಾಚಿ ರಕ್ತ ಕೊಟ್ಟು ಕಳಿಸಿದ್ದಾರೆ. ಕೊಟ್ಟವರಿಗೆ ಗೊತ್ತಿರುವುದು ಇಷ್ಟು: ಮೈ ತನ್ನ ನರದ ಮೇಲಿನ ಹೊದಿಕೆಯನ್ನು ತಾನೇ ಶತ್ರು ಅಂದುಕೊಂಡು ತಿನ್ನುತ್ತದೆ. ಆಮೇಲೆ ತಲೆ ಹೇಳಿ ಕಳಿಸಿದ್ದು ಕಾಲಿಗೆ ಮುಟ್ಟುವುದಿಲ್ಲ. ಥೋರಾಳಿಗೆ ಮೊದಲು ಒಂದು ಕಣ್ಣು ಮಂಜಾಯಿತು, ಸರಿಹೋಯಿತು. ಒಂದು ವರ್ಷ ಕಳೆದು ಚರ್ಚಿನ ಊಟದ ದಿನ ಕೈಯಲ್ಲಿದ್ದ ದೊಡ್ಡ ಟೀ ಕೆಟಲ್ ಜಾರಿ ಬಿತ್ತು. ಸುತ್ತ ಇದ್ದ ಹೆಂಗಸರು ಯಾರೂ ಅಯ್ಯೋ ಅನ್ನಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಬಟ್ಟೆ ತಂದು ಒರೆಸಿದರು. ಡಾಕ್ಟರು ಹೇಳುವ ಮೊದಲೇ ಅವತ್ತು ಅವಳಿಗೆ ಗೊತ್ತಾಗಿತ್ತು.

ಊರಿಗೆ ಕಾಣುವುದು ಎಳೆಯುವ ಕಾಲು, ಕೈಯಲ್ಲಿನ ಕೋಲು. ಕಾಣದೆ ಇರುವುದು ಸುಸ್ತು. ದುಡಿದವನಿಗೆ ಬರುವ ಸುಸ್ತಲ್ಲ ಅದು, ಅದಾದರೆ ಉಂಡು ಮಲಗಿದರೆ ಹೋಗುತ್ತದೆ. ಇದು ರಾತ್ರಿಯೆಲ್ಲ ಮಲಗಿ ಎದ್ದವಳ ಬೆನ್ನ ಮೇಲೆ ನೆನೆದ ಉಣ್ಣೆಯ ಮೂಟೆ ಹೊರಿಸಿದ ಹಾಗೆ. ತಲೆ ಬಾಚಲು ಕೈ ಎತ್ತಿದರೆ, ಎತ್ತಿದ್ದು ಕೈಯೋ ಕಲ್ಲೋ ಅನ್ನಿಸುತ್ತದೆ. "ಚೆನ್ನಾಗಿ ಕಾಣ್ತಿದೀಯಲ್ಲ" ಅನ್ನುವವರನ್ನು ಕಂಡರೆ ಅವಳಿಗೆ ಕೋಲಿನಿಂದ ಬಾರಿಸುವಷ್ಟು ಸಿಟ್ಟು. ಬಾರಿಸಲೂ ಶಕ್ತಿ ಬೇಕು.

ಆದರೂ ಅವಳು ಮನೆಯಲ್ಲಿ ಕೂರಲಿಲ್ಲ. ದಿನಾ ಗೋಡೆಗೆ ಹೋಗುತ್ತಾಳೆ.

ದ್ವೀಪದ ಸುತ್ತ ಗಾರೆಯಿಲ್ಲದ ಕಲ್ಲುಗೋಡೆ ಇದೆ. ಗೋಡೆಯ ಒಳಗೆ ಹೊಲ, ದನ, ಮನೆ. ಹೊರಗೆ ಕಡಲು ಮತ್ತು ಕುರಿ. ಇಲ್ಲಿನ ಕುರಿಗೆ ಕಡಲಪಾಚಿಯೇ ಮೇವು. ಇಳಿತ ಬಂದಾಗ ಬಂಡೆ ಮೇಲೆ ಇಳಿದು ಮೇಯುತ್ತವೆ, ಉಬ್ಬರ ಬಂದಾಗ ಗೋಡೆಯ ಬುಡಕ್ಕೆ ಬಂದು ಮೆಲುಕು ಹಾಕುತ್ತವೆ. ಗೋಡೆಯಲ್ಲಿ ಮನೆಗೊಂದು ಪಾಲು. ಚಳಿಗಾಲದ ಅಲೆ ಯಾರ ಪಾಲನ್ನು ಕೆಡವಿತೋ ಆ ಮನೆಯವರೇ ಎತ್ತಿ ಕಟ್ಟಬೇಕು. ಥೋರಾಳ ಮನೆಯ ಹೆಸರು ಬ್ರೆಕ್. ಬ್ರೆಕ್ ಮನೆಯ ಪಾಲು ಕಡಲು ಸೀಳಿಕೊಂಡು ಒಳಗೆ ನುಗ್ಗಿರುವ ಒಂದು ಕಿರುಕೊಲ್ಲಿಯ ಪಕ್ಕ. ಗಿಬ್ಬಿಗೆ ದನ ಇವೆ, ದೋಣಿ ಇದೆ. ಗೋಡೆ ಹೆಂಡತಿಯದೇ ಅಂತ ಮದುವೆಯಾದಾಗಿನಿಂದ ಬಿಟ್ಟುಬಿಟ್ಟಿದ್ದಾನೆ.

ಥೋರಾ ಸ್ಯಾಂಡೆ ದ್ವೀಪದಿಂದ ಮದುವೆಯಾಗಿ ಬಂದವಳು. ಬಂದ ವರ್ಷವೇ ಉಣ್ಣೆ ಕತ್ತರಿಸುವ ಕಾಲಕ್ಕೆ ಕುರಿಗಳನ್ನು ದೊಡ್ಡಿಗೆ ಹೊಡೆಯುವ ದಿನ ಬಂತು. ಆ ದಿನ ಊರಿಗೆ ಊರೇ ದಂಡೆಯ ಉದ್ದಕ್ಕೂ ಸಾಲು ನಿಲ್ಲುತ್ತದೆ. ಸಾಲಿನಲ್ಲಿ ಒಂದು ಕಡೆ ಸಡಿಲವಾದರೆ ಸಾಕು, ಕುರಿ ಅಲ್ಲೇ ನುಗ್ಗಿ ಹಿಂದಕ್ಕೆ ಓಡುತ್ತವೆ, ಎಲ್ಲರ ಬೆಳಗಿನ ಬೆವರು ನೀರುಪಾಲು. ಹೊಸ ಹುಡುಗಿಯನ್ನು ತಂದು ಕೊಲ್ಲಿಯ ಬಾಯಲ್ಲಿ ನಿಲ್ಲಿಸಿದರು, ಏಕೆಂದರೆ ಅಲ್ಲಿ ಜಾರುತ್ತದೆ, ಅಲ್ಲಿ ನಿಲ್ಲಲು ಬೇರೆ ಯಾರಿಗೂ ಇಷ್ಟವಿರಲಿಲ್ಲ. ಒಂದು ಟಗರು ನೇರ ಅವಳ ಮೇಲೇ ಬಂತು. ಕೊಂಬು ಹಿಡಿದಳು, ಇಬ್ಬರೂ ನೀರಿಗೆ ಬಿದ್ದರು, ಕೊಂಬು ಬಿಡಲಿಲ್ಲ. ಅಲ್ಲಿಯವರೆಗೆ ಅವಳು ಸ್ಯಾಂಡೆ ಹುಡುಗಿ. ಅಂದಿನಿಂದ ಬ್ರೆಕ್ ಥೋರಾ. ಕೊಲ್ಲಿಯ ಬಾಯಿ ಥೋರಾಳ ಜಾಗ ಆಯಿತು. ಈ ಊರಿನಲ್ಲಿ ಅವಳು ಯಾರಿಂದಲೂ ಕೇಳಿ ಪಡೆಯದೆ ತಾನೇ ಗಳಿಸಿದ್ದು ಅದೊಂದೇ.

ಈ ಸಲ ದೊಡ್ಡಿಯ ದಿನಕ್ಕೆ ಒಂದು ವಾರ ಇದ್ದಾಗ ನೆಸ್ ಮನೆಯ ಎಡ್ವಿನ್ ಬಂದ. ಕುರಿಯ ವಿಷಯದಲ್ಲಿ ಊರು ಕೇಳುವುದು ಅವನ ಮಾತು. ಎಪ್ಪತ್ತು ದಾಟಿದ ಮುದುಕ, ಬಾಗಿಲಲ್ಲೇ ನಿಂತು ಹವಾಮಾನ, ಹಡಗು, ದನದ ಕೆಮ್ಮು ಎಲ್ಲ ಮಾತಾಡಿ ಕೊನೆಗೆ, ಈ ವರ್ಷ ದೊಡ್ಡಿಯ ಹತ್ತಿರ ಟೀ ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು ಅಂದ.

ತನ್ನನ್ನು ಕೊಲ್ಲಿಯ ಬಾಯಿಂದ ಬಿಡಿಸಲು ಬಂದಿದ್ದಾನೆ ಅಂತ ಥೋರಾಳಿಗೆ ಅರ್ಥವಾಯಿತು. ತಟ್ಟೆಯಲ್ಲಿ ಬಾರ್ಲಿ ರೊಟ್ಟಿ ಇಟ್ಟು ಅವನ ಕಡೆ ಚಾಚಿದಳು. "ಟೀಗೆ ಬೇರೆ ಯಾರನ್ನಾದ್ರೂ ನೋಡ್ಕೊಳಿ, ಎಡ್ವಿನ್. ನಾನು ಕೆಟಲ್ ಬೀಳಿಸ್ತೀನಿ."

ಮುದುಕ ರೊಟ್ಟಿ ತಿಂದ. ಮತ್ತೇನೂ ಹೇಳಲಿಲ್ಲ. ಹೇಳದೆ ಹೋದದ್ದೇ ಅವಳನ್ನು ಕೊರೆಯಿತು.

ಎರಡು ದಿನ ಬಿಟ್ಟು ಪುಟ್ಟ ವಿಮಾನದಲ್ಲಿ ವ್ಯಾಯಾಮದ ಹುಡುಗಿ ಕರ್ಸ್ಟಿ ಬಂದಳು. ತಿಂಗಳಿಗೊಮ್ಮೆ ಕರ್ಕ್‌ವಾಲ್ ಪಟ್ಟಣದ ಆಸ್ಪತ್ರೆಯಿಂದ ಬರುತ್ತಾಳೆ. ಸಿಂಕ್ ಹಿಡಿದು ತುದಿಗಾಲಲ್ಲಿ ಏಳು, ಕುರ್ಚಿಯಿಂದ ಕೈ ಊರದೆ ಎದ್ದು ಕೂರು, ಗೋಡೆಗೆ ಹೋಗುವುದು ಬಿಡಬೇಡ, ಇವೇ ಅವಳ ಪಾಠ. ಥೋರಾ ಕಲ್ಲು ಎತ್ತುವುದಕ್ಕೆ ಅವಳ ತಕರಾರಿಲ್ಲ. ಮೈ ಆಡಿಸದೆ ಕೂತರೆ ಇದ್ದ ಬಲವೂ ಹೋಗುತ್ತದೆ ಅಂತ ಅವಳೇ ಹೇಳಿಕೊಟ್ಟವಳು. ತಕರಾರು ಬೇರೆ.

"ಸುಸ್ತಾದ ಮೇಲೆ ಕೂರೋದಲ್ಲ ಥೋರಾ, ಸುಸ್ತಾಗೋ ಮೊದಲು ಕೂರ್ಬೇಕು ನೀವು."

"ಸುಸ್ತಾಗದೆ ಯಾರಮ್ಮ ಕೂರ್ತಾರೆ? ಅದಕ್ಕೆ ಸೋಮಾರಿತನ ಅಂತಾರೆ ನಮ್ಮೂರಲ್ಲಿ."

"ನಿಮ್ಮೂರಲ್ಲಿ ಏನಂತಾರೋ ಅನ್ಲಿ. ದೊಡ್ಡಿ ದಿನ ನಿಲ್ಬೇಕು ಅಂದ್ರೆ ಹಿಂದಿನ ದಿನ ಕಲ್ಲು ಮುಟ್ಬೇಡಿ."

ಥೋರಾ ಹೂಂ ಅಂದಳು. ಹೂಂ ಅನ್ನುವಾಗ ಸುಳ್ಳು ಹೇಳುವ ಉದ್ದೇಶವೇನೂ ಇರಲಿಲ್ಲ.

ಆದರೆ ದೊಡ್ಡಿಯ ಹಿಂದಿನ ದಿನ ಬೆಳಿಗ್ಗೆ ಹೋಗಿ ನೋಡುತ್ತಾಳೆ, ತನ್ನ ಪಾಲಿನಲ್ಲಿ ಒಂದು ಆಳಗಲ ಗೋಡೆ ಕುಸಿದು ಕೂತಿದೆ. ನಾಳೆ ಊರಿನ ಕಾಲೆಲ್ಲ ಈ ದಂಡೆಯ ಮೇಲೇ ಹಾದು ಹೋಗುತ್ತವೆ. ಹೋಗುವವರ ಕಣ್ಣು ಕುರಿಯ ಮೇಲೆ ಇರುತ್ತದೆ ಅಂತ ಹೊರಗಿನವರು ಅಂದುಕೊಳ್ಳಬಹುದು. ಇಲ್ಲ, ಗೋಡೆಯ ಮೇಲೆ ಇರುತ್ತದೆ. ಯಾರ ಮನೆಯ ಪಾಲು ನೆಟ್ಟಗಿದೆ, ಯಾರ ಮನೆಯದು ಹೊಟ್ಟೆ ಬಿಟ್ಟಿದೆ, ಅದನ್ನು ಚಳಿಗಾಲ ಮುಗಿಯುವವರೆಗೂ ಆಡಿಕೊಳ್ಳುತ್ತಾರೆ. ಬ್ರೆಕ್ ಗೋಡೆ ಬಿದ್ದಿದೆ, ಪಾಪ, ಅವಳ ಕೈಲಿ ಆಗೋದಿಲ್ಲ. ಆ ಪಾಪ ಅನ್ನುವ ಮಾತು ಯಾರೂ ಹೇಳುವ ಮೊದಲೇ ಅವಳ ಕಿವಿಗೆ ಬಿದ್ದಿತು.

ಕಟ್ಟಲು ಶುರು ಮಾಡಿದಳು. ಅವತ್ತು ಆ ದ್ವೀಪದ ಮಟ್ಟಿಗೆ ಸೆಕೆ ಅನ್ನುವಂಥ ಬಿಸಿಲು ಬೇರೆ. ಬಿಸಿಗೆ ಈ ರೋಗ ಕೆರಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಮಂಜಾಯಿತು. ಬಂಡೆಯ ಗುಂಡಿಯ ತಣ್ಣೀರಿನಲ್ಲಿ ಮೊಣಕೈವರೆಗೆ ಅದ್ದಿ ಕೂತಳು, ತಿಳಿಯಾಯಿತು, ಮತ್ತೆ ಎದ್ದಳು. ಕೊನೆಕೊನೆಗೆ ಕಲ್ಲನ್ನು ಹೊರಳಿಸಿ ಮುಖ ನೋಡಿ ಕೂರಿಸುವ ತಾಳ್ಮೆ ಉಳಿಯಲಿಲ್ಲ. ಸಿಕ್ಕಿದ್ದನ್ನು ಸಿಕ್ಕಲ್ಲಿ ಇಟ್ಟಳು. ಉದ್ದನೆಯ ಕಲ್ಲನ್ನು ಗೋಡೆಯ ಒಳಕ್ಕೆ ಚಾಚಿ ಕಚ್ಚಿಸಬೇಕು, ಅದನ್ನು ಅಡ್ಡ ಮಲಗಿಸಿ ಮುಖ ಮಾತ್ರ ಸರಿ ಮಾಡಿದಳು. ದೂರದಿಂದ ನೋಡಿದರೆ ಗೋಡೆ ಗೋಡೆಯ ಹಾಗೇ ಇತ್ತು. ಗಿಬ್ಬಿ ಬಂದು ಅವಳನ್ನು ಟ್ರಾಕ್ಟರಿನಲ್ಲಿ ಕೂರಿಸಿಕೊಂಡು ಹೋದ.

ಮರುದಿನ ಬೆಳಿಗ್ಗೆ ಎಡಗಾಲು ಯೋಚನೆಯನ್ನೂ ಮಾಡಲಿಲ್ಲ. ಬಲಗಾಲೂ ತಡೆದು ತಡೆದು ಆಡಿತು. ಅವಳು ಗಿಬ್ಬಿಗೆ ಹೇಳಲಿಲ್ಲ. ಟ್ರಾಕ್ಟರಿನಲ್ಲಿ ಹೋಗಿ ತನ್ನ ಜಾಗದಲ್ಲಿ ಕೋಲೂರಿ ನಿಂತಳು. ನೀರು ಏರುತ್ತಿತ್ತು, ಕುರಿಗಳು ಬಂಡೆ ಬಿಟ್ಟು ಮೇಲೆ ಬಂದವು, ದೂರದಿಂದ ಜನರ ಕೂಗು ಹತ್ತಿರವಾಯಿತು. ಬೂದು, ಕಪ್ಪು, ಕಂದು ಬೆನ್ನುಗಳು ಒಂದಕ್ಕೊಂದು ಅಂಟಿಕೊಂಡು ಕೊಲ್ಲಿಯನ್ನು ಬಳಸಿ ಬಂದವು. ಮುಂದಿನ ಟಗರು ನಿಂತು ಅವಳನ್ನು ನೋಡಿತು. ಅವಳು ಒಂದು ಹೆಜ್ಜೆ ಮುಂದಿಟ್ಟಳು. ಇಟ್ಟೆ ಅಂದುಕೊಂಡಳು, ಕಾಲು ಅಲ್ಲೇ ಇತ್ತು. ಕುಸಿದು ಪಾಚಿಯ ಮೇಲೆ ಕೂತಳು.

ಕೂತಲ್ಲಿಂದ ಕೋಲು ಬೀಸಿ ಕೂಗಿದಳು. ಅದಕ್ಕೇ ಟಗರು ಹಿಂದಕ್ಕೆ ಓಡದೆ ಗೋಡೆಯ ಕಡೆ ತಿರುಗಿತು. ನೆಟ್ಟಗಿನ ಗೋಡೆಯಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಟಗರು ನೆಗೆದು ಮೇಲಿನ ಸಾಲಿಗೆ ಕಾಲು ಕೊಟ್ಟಿತು, ನಿನ್ನೆಯ ಕೆಲಸವೆಲ್ಲ ಗಡಗಡ ಕೆಳಗಿಳಿಯಿತು. ಮಿಕ್ಕ ಕುರಿ ಅದರ ಹಿಂದೆ. ಗೋಡೆಯಾಚೆ ಎಡ್ವಿನ್‌ನ ಟರ್ನಿಪ್ ಗೆಡ್ಡೆಯ ಹೊಲ.

ಹೊಲದಿಂದ ಕುರಿಗಳನ್ನು ಹೊರಗೆ ಅಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ದೊಡ್ಡಿ ಖಾಲಿ. ಜನ ಥೋರಾಳ ಪಕ್ಕದಲ್ಲಿ ಹಾದು ಹೋಗುವಾಗ ಟೋಪಿ ಮುಟ್ಟಿದರು, ಪರವಾಗಿಲ್ಲ ಅಂದರು, ಒಬ್ಬಳು ಭುಜ ತಟ್ಟಿದಳು. ಒಬ್ಬರಾದರೂ ಬೈಯಬಾರದೇ ಅಂತ ಅವಳಿಗೆ ಅನ್ನಿಸಿತು. ಬೈಸಿಕೊಳ್ಳುವುದಕ್ಕೂ ಸಾಲಿನಲ್ಲಿ ಒಂದು ಜಾಗ ಇರಬೇಕು.

ಎಲ್ಲರ ಹಿಂದೆ ಎಡ್ವಿನ್ ಬಂದ. ಮೊದಲು ಗೋಡೆಯ ಹತ್ತಿರ ಹೋಗಿ, ಬಿದ್ದ ಉದ್ದನೆಯ ಕಲ್ಲನ್ನು ಬೂಟಿನಿಂದ ಹೊರಳಿಸಿ ನೋಡಿದ. ಆಮೇಲೆ ಅವಳ ಹತ್ತಿರ ಬಂದ.

"ಯಾರಿಗೆ ತೋರಿಸೋಕೆ ಕಟ್ಟಿದ್ದೆ ಇದನ್ನ?"

ಅವಳು ಕೋಲಿನ ತುದಿಯಿಂದ ಪಾಚಿ ಕೆರೆದಳು.

"ಕುರಿಗಂತೂ ಅಲ್ಲ. ನಿನ್ನ ಕಾಲಿನ ಮೇಲೆ ನನಗೆ ಸಿಟ್ಟಿಲ್ಲ ಹುಡುಗಿ, ನನ್ನ ಅಕ್ಕನ ಕಾಲೂ ಹಿಂಗೇ ಹೋಯ್ತು. ಗೋಡೆ ಬಿದ್ದಿದೆ ಅಂತ ಒಂದು ಮಾತು ಹೇಳಿದ್ರೆ ಅಲ್ಲಿ ಒಬ್ಬರನ್ನ ನಿಲ್ಲಿಸ್ತಿದ್ದೆ. ಬಿದ್ದಿದ್ದನ್ನ ಮುಚ್ಚಿಟ್ಟೆಯಲ್ಲ, ಅದಕ್ಕೆ ಸಿಟ್ಟು. ನನ್ನ ಟರ್ನಿಪ್ ಎಲ್ಲ ತಿಂದು ಹಾಕಿದ್ವು, ದರಿದ್ರದವು."

ಥೋರಾಳಿಗೆ ಅಳು ಬಂತು. ಆದರೆ ಎದೆ ಸ್ವಲ್ಪ ಹಗುರಾಗಿತ್ತು. ಯಾರೋ ಕೊನೆಗೂ ಅವಳಿಗೆ ಬೈದಿದ್ದರು.

ಗಿಬ್ಬಿ ಆಗಲೇ ಕಲ್ಲು ಎತ್ತಲು ಬಗ್ಗಿದ್ದ, ಸಂಜೆಯೊಳಗೆ ಕಟ್ಟಿಬಿಡುತ್ತೇನೆ ಅಂದ. ಎಡ್ವಿನ್ ಬೇಡವೆಂದ. "ನಾಡಿದ್ದು ಮತ್ತೆ ಹೊಡೀತೀವಿ. ಅವಸರದ ಗೋಡೆಗಿಂತ ತೂತೇ ಇರ್ಲಿ. ತೂತು ಎಲ್ಲಿದೆ ಅಂತ ನಮಗಾದ್ರೂ ಗೊತ್ತಿರತ್ತೆ." ಅಲ್ಲಿಯವರೆಗೆ ಹಳೆ ಮೀನುಬಲೆ ಅಡ್ಡ ಕಟ್ಟಲು ಹೇಳಿದ. ಹೊರಡುವಾಗ ಥೋರಾಳ ಕಡೆ ತಿರುಗದೇ, "ಹೊಡೆಯೋ ದಿನ ಬಲೆ ತಡೆಯಲ್ಲ. ಯಾರಾದ್ರೂ ಅಲ್ಲಿ ಕೂರ್ಬೇಕು" ಅಂದ. "ನಿನ್ನ ಗೋಡೆ. ನೀನೇ ನೋಡ್ಕೊ."

ಆ ನಡುವಿನ ದಿನ ಅವಳ ಬದುಕಿನಲ್ಲೇ ಬಹಳ ಕಷ್ಟದ ದುಡಿಮೆಯ ದಿನ. ಮಾಡಿದ್ದು ಏನೂ ಇಲ್ಲ. ಸಿಂಕ್ ಹಿಡಿದು ಒಂದಿಷ್ಟು ಎದ್ದಳು, ಕೂತಳು. ಇನ್ನೂ ಮಾಡಬಹುದು ಅನ್ನಿಸಿದಾಗ ನಿಲ್ಲಿಸಿದಳು. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಹೊಲದಾಚೆ ಗೋಡೆಯ ತೂತನ್ನು ನೋಡುತ್ತ ಕೂತಳು. ದಾರಿಯಲ್ಲಿ ಹೋಗುವವರೆಲ್ಲ ಅದನ್ನು ನೋಡಿ ಹೋದರು. ಮಧ್ಯಾಹ್ನದವರೆಗೆ ಅವಳ ಮುಖ ಉರಿಯಿತು. ಆಮೇಲೆ ನಾಚಿಕೆಗೂ ಸುಸ್ತಾಗಿ ಅದೂ ಮಲಗಿತು. ಗಿಬ್ಬಿ ಆಲೂಗಡ್ಡೆ ಟರ್ನಿಪ್ ಬೇಯಿಸಿ ಕಿವುಚಿ ತಂದಿಟ್ಟ. ಎಡ್ವಿನ್ ಹೊಲದ್ದು, ಕುರಿ ಕಚ್ಚಿ ಬಿಟ್ಟಿದ್ದು, ಮುದುಕ ನಮ್ಮ ತಲೆಗೇ ಕಟ್ಟಿದ ಅಂದ. ಅವಳು ಅವತ್ತು ಒಂದು ನಗುವಿನ ಖರ್ಚು ಮಾಡಿದಳು.

ಹೊಡೆಯುವ ದಿನ ಬಿದ್ದ ಕಲ್ಲಿನ ರಾಶಿಯ ಮೇಲೆ ಗೋಣಿ ಹಾಸಿ ಕೂತಳು. ಎಡಕ್ಕೂ ಗೋಡೆ, ಬಲಕ್ಕೂ ಗೋಡೆ, ನಡುವೆ ಅವಳು. ಕೊಲ್ಲಿಯ ಬಾಯಲ್ಲಿ, ಅವಳ ಹಳೆಯ ಜಾಗದಲ್ಲಿ, ಯಾರೋ ಬೇರೆ ಹುಡುಗಿ ನಿಂತಿದ್ದಳು, ಸ್ಕೂಲಿಗೆ ಹೊಸದಾಗಿ ಬಂದ ಟೀಚರು. ಥೋರಾ ಅವಳನ್ನು ನೋಡಿದಳು. ಟೀಚರು ಜಾರುವ ಬಂಡೆಯ ಮೇಲೆ ನಿಂತಿದ್ದಳು. ಥೋರಾ ಕೂಗಿ ಹೇಳಿದಳು: "ಅಲ್ಲಲ್ಲ, ಒಂದು ಮಾರು ಮೇಲೆ. ಪಾಚಿ ಇಲ್ಲದ ಕಡೆ." ಟೀಚರು ಸರಿದು ನಿಂತಳು.

ಕುರಿ ಬಂದವು. ಅದೇ ಟಗರು ಮುಂದೆ. ಅದಕ್ಕೆ ತೂತಿನ ನೆನಪಿತ್ತು, ನೇರ ಅಲ್ಲಿಗೇ ಬಂತು. ಥೋರಾ ಏಳಲಿಲ್ಲ. ಏಳಲು ಆಗುತ್ತಿತ್ತು, ಆದರೂ ಏಳದೆ ಆ ಶಕ್ತಿ ಉಳಿಸಿಕೊಳ್ಳುವುದೇ ಅವತ್ತು ಅವಳ ಲೆಕ್ಕ. ಕೂತಲ್ಲೇ ಕೋಲನ್ನು ಕಲ್ಲಿಗೆ ಬಡಿದಳು, ಬಡಿದಳು. ಟಗರು ಅವಳ ಮುಖವನ್ನೇ ನೋಡುತ್ತ ನಿಂತಿತು. ಹಿಂದಿನ ಕುರಿಗಳು ಅದರ ಬೆನ್ನಿಗೆ ಒತ್ತಿದವು. ಅವಳು ಎರಡು ಕೈಯಿಂದ ಗೋಡೆಯ ಎರಡು ತುದಿಯನ್ನು ಹಿಡಿದುಕೊಂಡಳು. ಕೊನೆಗೆ ಟಗರು ಮೂಗಿನಿಂದ ಒಂದು ಸದ್ದು ಬಿಟ್ಟು ದೊಡ್ಡಿಯ ಕಡೆ ತಿರುಗಿತು. ಹಿಂಡೆಲ್ಲ ಅದರ ಹಿಂದೆ ಹೋಯಿತು, ಜನ ಅದರ ಹಿಂದೆ ಹೋದರು. ಎಡ್ವಿನ್ ಹಾದು ಹೋಗುವಾಗ ಅವಳನ್ನು ನೋಡಿ ತಲೆಯಾಡಿಸಿದ, ನಿಲ್ಲಲಿಲ್ಲ.

ದೊಡ್ಡಿಯ ಕಡೆಯಿಂದ ಗದ್ದಲ ಕೇಳುತ್ತಿತ್ತು. ಉಣ್ಣೆ ಕತ್ತರಿಸಲು ಅವಳ ಕೈ ಈ ವರ್ಷ ಬರುವುದಿಲ್ಲ, ಮುಂದಿನ ವರ್ಷದ್ದು ಯಾರಿಗೆ ಗೊತ್ತು. ಬೆನ್ನ ಮೇಲೆ ಅದೇ ನೆನೆದ ಮೂಟೆ. ಗಿಬ್ಬಿ ಟೀ ತಂದು ಅವಳ ಕೈಗೆ ಕೊಟ್ಟ, ಅವಳು ಹಿಡಿದ ಮೇಲೂ ಒಂದು ಗಳಿಗೆ ಬಿಡಲಿಲ್ಲ. ಆಮೇಲೆ ಬಗ್ಗಿ, ಆ ಉದ್ದನೆಯ ಕಲ್ಲಿಗೆ ಕೈ ಹಾಕಿದ.

"ಬಿಡು ಅದನ್ನ," ಅಂದಳು. "ಅದು ನಂದು."

"ಯಾವಾಗ ಕಟ್ತೀಯಾ? ನಾಳೆನಾ?"

ಥೋರಾ ಟೀ ಕುಡಿದಳು. ಅವಸರ ಮಾಡಲಿಲ್ಲ.

"ಬೆಳಿಗ್ಗೆ ಕಾಲನ್ನ ಕೇಳಿ ಹೇಳ್ತೀನಿ."