ಜಾವಾದಲ್ಲಿ ಸೋಬಾನೆ

ಹಾಡನ್ನು ಮುದ್ದೆ ಕಟ್ಟಿ ಬಡಿಸಿದ ಮಹಾನುಭಾವ ಯಾರಾದರೂ ಇದ್ದರೆ ಅದು ನಾನೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇವತ್ತು ಬೆಳಿಗ್ಗೆ ಲ್ಯಾಪ್‌ಟಾಪ್ ಒರೆಸುತ್ತಿದ್ದೆ. ಎಂಟರ್ ಕೀಲಿಯ ಅಂಚಿನಲ್ಲಿ ಅರಿಸಿನದ ಕಲೆ ಇನ್ನೂ ಇದೆ. ಉಗುರಿನಿಂದ ಕೆರೆದರೂ ಹೋಗಲಿಲ್ಲ. ಇರಲಿ ಬಿಡು ಅನ್ನಿಸಿತು.

ಗೌರತ್ತೆ ನಮ್ಮಪ್ಪನ ತಂಗಿ, ಸೂಲಿಬೆಲೆಯಲ್ಲಿದ್ದಾಳೆ. ಆ ಸುತ್ತಿನಲ್ಲಿ ಮದುವೆ ಗೊತ್ತಾದರೆ ಪುರೋಹಿತರಿಗಿಂತ ಮುಂಚೆ ಅವಳ ಬಿಡುವು ಕೇಳುತ್ತಿದ್ದರು. ಅವಳು ಸೋಬಾನೆ ಹೇಳದೆ ಯಾವ ಹುಡುಗಿಗೂ ಅರಿಸಿನ ಹಚ್ಚುತ್ತಿರಲಿಲ್ಲ. ಅಂಥವಳಿಗೆ ಗಂಟಲ ಆಪರೇಷನ್ ಆಗಿ ದನಿ ಪಿಸುಮಾತಿಗೆ ಇಳಿಯಿತು. ಅದರ ಬೆನ್ನಿಗೇ ಸ್ವಂತ ಮಗಳು ರೂಪಳ ಮದುವೆ ನಿಶ್ಚಯವಾಯಿತು. ಉಳಿದ ಹೆಂಗಸರಿಗೆ ‘ಸೋಬಾನೆ’ ಎಂದು ದನಿಗೂಡಿಸುವುದು ಗೊತ್ತು, ಪದಗಳು ಗೊತ್ತಿಲ್ಲ.

“ಊರೋರ ಮಕ್ಳಿಗೆಲ್ಲಾ ಹಾಡ್ದೆ. ನನ್ ಮಗೀಗೆ ಹಾಡಿಲ್ದೆ ಹೆಂಗೋ ಹಸೆ ಮೇಲೆ ಕೂರ್ಸೋದು” ಎಂದು ಒಂದು ದಿನ ನನ್ನ ಹತ್ತಿರ ಪಿಸುಗುಟ್ಟಿದಳು.

ನೀವಾಗಿದ್ದರೆ ಪದಗಳನ್ನು ಟೈಪ್ ಮಾಡಿ ವಾಟ್ಸಾಪ್‌ನಲ್ಲಿ ಹಾಕಿ ಮಲಗುತ್ತಿದ್ದಿರಿ. ನಾನು ಆಗ ತಾನೇ ದೊಡ್ಡಬಳ್ಳಾಪುರದಲ್ಲಿ ಜಾವಾ ಕೋರ್ಸ್ ಮುಗಿಸಿದ್ದೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಡದಿದ್ದರೆ ಕಲಿತದ್ದಕ್ಕೆ ಮರ್ಯಾದೆ ಎಲ್ಲಿ? ಸರ್ವರ್‌ನಲ್ಲಿ ನನ್ನ ಜಾವಾ ಪ್ರೋಗ್ರಾಂ ಕೂತಿರುತ್ತದೆ, ಹಾಡುಗಳನ್ನು ಎಚ್‌ಟಿಎಂಎಲ್ ಪುಟ ಮಾಡಿ ಎಲ್ಲರ ಫೋನಿಗೂ ಕಳಿಸುತ್ತದೆ ಎಂದು ಊರೆಲ್ಲ ಡಂಗುರ ಹೊಡೆದೆ. ಅತ್ತೆ ಐದು ಹಾಡು ಪಿಸುಗುಟ್ಟುತ್ತಾ ಹೋದಳು, ನಾನು ಕುಟ್ಟುತ್ತಾ ಹೋದೆ. ಅವಳು ನಿಲ್ಲಿಸಿದಲ್ಲೆಲ್ಲ ಎಂಟರ್ ಒತ್ತಿದೆ. ನನ್ನ ಲ್ಯಾಪ್‌ಟಾಪಿನ ಕಪ್ಪು ಪರದೆಯ ಮೇಲೆ ಸಾಲುಗಳು ಕೂರಿಗೆಯಲ್ಲಿ ಬಿತ್ತಿದ ರಾಗಿಯ ಹಾಗೆ ನಿಂತಿದ್ದವು. ಫೋನಿನಲ್ಲಿ ಒಮ್ಮೆ ತೆರೆದು ನೋಡಬೇಕೆಂದು ದೇವರಾಣೆಗೂ ಹೊಳೆಯಲಿಲ್ಲ.

ಅರಿಸಿನದ ದಿನ ಚಪ್ಪರದಡಿ ಹೆಂಗಸರು ಫೋನ್ ಹಿಡಿದು ನಿಂತರು. ಪುಟ ತೆರೆಯಿತು. ಐದೂ ಹಾಡು ಒಂದೇ ಮುದ್ದೆ. ಒಬ್ಬರು ಹೇಳುವ ಸಾಲು, ಉಳಿದವರ ಸೋಬಾನೆ, ಮುಂದಿನ ಹಾಡಿನ ಮೊದಲ ಸಾಲು, ಎಲ್ಲ ಕಲಸಿಹೋಗಿತ್ತು. ಪಕ್ಕದ ಮನೆ ಜಯಕ್ಕ ಧೈರ್ಯ ಮಾಡಿ ಶುರು ಮಾಡಿದಳು. ಎಲ್ಲಿ ನಿಲ್ಲಬೇಕೋ ತಿಳಿಯದೆ ಉಸಿರುಗಟ್ಟಿ ಕೆಮ್ಮಿದಳು. ಹೊಸಕೋಟೆಯಿಂದ ಬಂದಿದ್ದ ಗಂಡಿನ ಚಿಕ್ಕಮ್ಮ, “ನಿಮ್ ಕಡೆ ಹಾಡಲ್ವೇನಮ್ಮ, ಪಾಠ ಒಪ್ಸೋದಾ” ಅಂದರು. ರೂಪ ತಲೆ ತಗ್ಗಿಸಿದಳು. ಅತ್ತೆಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಓಡಿಹೋಗಿ ಲ್ಯಾಪ್‌ಟಾಪ್ ತಂದು, ನೋಡಿ, ನನ್ನದರಲ್ಲಿ ಸರಿಯಾಗೇ ಇದೆ ಎಂದು ವಾದ ಮಾಡಿದೆ. ರೂಪ ಅರಿಸಿನದ ಕೈಯಲ್ಲೇ ಅದನ್ನು ತನ್ನ ಕಡೆ ತಿರುಗಿಸಿಕೊಂಡಳು.

“ನಿಂಗೆ ಸರಿಯಾಗಿದ್ರೆ ನೀನೇ ಹಾಡ್ಕೊಳ್ಳೋ ಗುರು. ಹಾಡೋರು ಅವ್ರಲ್ವಾ?”

ಆಗ ಹೊಳೆಯಿತು. ನಾನು ಒತ್ತಿದ ಎಂಟರ್ ನನ್ನ ಕಣ್ಣಿಗೆ ಮಾತ್ರ. ಫೋನಿನಲ್ಲಿ ಪುಟ ತೋರಿಸುವ ಬ್ರೌಸರ್ ಅದನ್ನು ಒಂದು ಚಿಟಿಕೆ ಜಾಗ ಎಂದು ನುಂಗಿಬಿಡುತ್ತದೆ. ಸಾಲು ಮುರಿ ಎಂದು ಅದರ ಭಾಷೆಯಲ್ಲೇ ಗುರುತು ಹಾಕಿ ಹೇಳಬೇಕು. ಇದು ಕೋರ್ಸಿನ ಮೊದಲ ವಾರದ ಪಾಠ. ಆ ವಾರ ನಾನು ಮಾಕಳಿದುರ್ಗ ಹತ್ತಲು ಹೋಗಿದ್ದೆ.

ನಾನು ಅಕ್ಕಿಮೂಟೆಯ ಮೇಲೆ ಕೂತು ಬೆವರುತ್ತಾ ತಿದ್ದುತ್ತಿದ್ದಾಗ ಅತ್ತೆ ಎದ್ದು ಜಯಕ್ಕನ ಹಿಂದೆ ನಿಂತಳು. ಅವಳ ಬೆನ್ನ ಮೇಲೆ ಕೈಯಿಟ್ಟು, ಸಾಲು ಮುಗಿಯುವ ಕಡೆ ಮೆಲ್ಲಗೆ ತಟ್ಟಿದಳು. ಜಯಕ್ಕ ನಿಂತಳು, ಉಳಿದವರು ಸೋಬಾನೆ ಎಂದರು. ಮತ್ತೆ ತಟ್ಟಿದಳು. ಹಾಡು ಎದ್ದು ನಡೆಯಿತು. ಚಿಕ್ಕಮ್ಮನೂ ದನಿಗೂಡಿಸಿದರು. ನಾನು ತಿದ್ದಿ ತಲೆ ಎತ್ತಿದಾಗ ಆರತಿಯೂ ಮುಗಿದಿತ್ತು.

ಆ ಪುಟ ಈಗಲೂ ಇದೆ. ಸುತ್ತಲ ಮದುವೆಗಳಿಗೆ ಕೇಳಿ ಪಡೆಯುತ್ತಾರೆ. ಈಗ ನಾನು ಏನೇ ಮಾಡಲಿ, ಮೊದಲು ಇನ್ನೊಬ್ಬರ ಫೋನಿನಲ್ಲಿ ತೆರೆದು, ಅವರು ಓದುವುದನ್ನು ನೋಡುತ್ತೇನೆ. ಕೊನೆಯ ಹಾಡಿನಲ್ಲಿ ಒಂದು ಕಡೆ ಜಾಗ ಸುಮ್ಮನೆ ಖಾಲಿ ಬಿಟ್ಟಿದೆ, ಕೋಡ್ ತಪ್ಪಿರಬೇಕು ಎಂದು ಗೆಳೆಯರು ಹೇಳುತ್ತಾರೆ. ನಾನು ತಿದ್ದುವುದಿಲ್ಲ. ಅವತ್ತು ಎಲ್ಲರೂ ಊಟಕ್ಕೆ ಎದ್ದ ಮೇಲೆ ಅತ್ತೆ ನನ್ನ ಫೋನ್ ಇಸಿದುಕೊಂಡು, ತುಟಿ ಅಲ್ಲಾಡಿಸುತ್ತಾ ಕೊನೆಯವರೆಗೂ ಓದಿ, ಆ ಜಾಗದಲ್ಲಿ ಬೆರಳಿಟ್ಟಿದ್ದಳು.

“ಮಗಳ ಕೈ ಒಪ್ಪಿಸ್ಕೊಡೋ ಸಾಲಾದ್ಮೇಲೆ ಇನ್ನೊಂಚೂರು ಜಾಗ ಬಿಡಪ್ಪಾ. ನಮ್ಮಮ್ಮ ಹಾಡೋವಾಗ ಅಲ್ಲಿ ಅಳೋಳು.”