ಟವೆಲ್ ಹಾಕಿದ್ದ ಸೀಟು

ದೆವ್ವ ಭೂತದ ಕತೆ ಕೇಳಿದರೆ ನಗುತ್ತಿದ್ದವಳು ನಾನು. ಅಂಕೋಲೆ ಬಸ್ ಸ್ಟ್ಯಾಂಡಿನಲ್ಲಿ ಅಮ್ಮ ಶೇಂಗಾ, ಅಬ್ಬಲಿಗೆ ಹೂವು ಮಾರುತ್ತಿದ್ದಳು. ಅವಳ ಬುಟ್ಟಿಯ ಪಕ್ಕದಲ್ಲೇ ಓದಿ ಬರೆದು ದೊಡ್ಡವಳಾದೆ. ಡ್ರೈವರುಗಳು ಹೇಳುವ ಬಿಳಿ ಸೀರೆಯ ಹೆಂಗಸಿನ ಕತೆಗಳಿಗೆ ಕೊನೆಯಿರಲಿಲ್ಲ. ನಿದ್ದೆಗೆಟ್ಟವರ ಕಣ್ಣಿಗೆ ಮೈಲುಗಲ್ಲೂ ಸೀರೆ ಉಡುತ್ತದೆ ಎಂದು ಅವರ ಮುಖಕ್ಕೇ ಹೇಳುತ್ತಿದ್ದೆ. ಇದನ್ನು ಓದಿ ನೀವೂ ನನಗೆ ಹಾಗೇ ಹೇಳಬಹುದು. ಹೇಳಿ, ಬೇಸರವಿಲ್ಲ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಕಾರವಾರ ಬಸ್ ಸ್ಟ್ಯಾಂಡಿನ ಪಾಸ್ ಕೌಂಟರಿನಲ್ಲಿ ನನಗೆ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ದಿನಾ ಅಂಕೋಲೆಯಿಂದ ಓಡಾಟ. ಏಳು ತಿಂಗಳ ಬಸುರಿಯಾದಾಗ, ಬಸ್ಸಿನಲ್ಲಿ ನಿಂತು ಹೋಗಕೂಡದು ಎಂದು ಡಾಕ್ಟರು ಹೇಳಿದರು. ಅತ್ತೆಗೆ ಅಷ್ಟೇ ಸಾಕಾಯಿತು, ಕೆಲಸ ಬಿಟ್ಟು ಮನೆಯಲ್ಲಿರು ಎಂದರು. ಹೆರಿಗೆಗೆಂದು ಕೊಡುವ ರಜೆಯೇ ಎರಡು ತಿಂಗಳು. ಈಗಲೇ ಮನೆಯಲ್ಲಿ ಕೂತರೆ ಕೆಲಸ ಬೇರೆಯವರ ಪಾಲು. ನಾನು ಹಟ ಹಿಡಿದೆ. ಮರುದಿನ ಬೆಳಿಗ್ಗೆ ಅತ್ತೆ ನನ್ನ ಜೊತೆ ಸ್ಟ್ಯಾಂಡಿಗೇ ಬಂದರು.

"ಸೀಟ್ ಸಿಕ್ರೆ ಹೋಗು. ಇಲ್ದಿದ್ರೆ ಇಳ್ದು ಸೀದಾ ಮನಿಗೆ ಬಾ. ಮತ್ತೆ ಕೆಲಸದ ಸುದ್ದಿ ಎತ್ತೂಕಾಗ."

ಕಿಟಕಿಯಿಂದ ಟವೆಲ್ಲೋ ಕರ್ಚೀಫೋ ಒಗೆದು ಸೀಟು ಹಿಡಿಯುವುದನ್ನು ಸ್ಟ್ಯಾಂಡಿನಲ್ಲಿ ಬೆಳೆದವಳಿಗೆ ಯಾರೂ ಕಲಿಸಬೇಕಿಲ್ಲ. ಆದರೆ ನಾವು ಮುಟ್ಟುವಷ್ಟರಲ್ಲಿ ಗಾಡಿ ತುಂಬಿತ್ತು. ಹತ್ತಿ ನೋಡಿದರೆ ಕಾಲಿಡಲು ಜಾಗವಿಲ್ಲ. ಎಡಗಡೆ ಮೂರನೇ ಸಾಲಿನ ಕಿಟಕಿ ಸೀಟು ಮಾತ್ರ ಖಾಲಿ, ಅದರ ಮೇಲೊಂದು ನೀಲಿ ಚೌಕಳಿ ಟವೆಲ್ಲು. ಪಕ್ಕದಲ್ಲಿ ಒಣಮೀನಿನ ಬುಟ್ಟಿ ಇಟ್ಟುಕೊಂಡ ಮುದುಕಿ. ಸುತ್ತ ಗಂಡಸರು ಒಬ್ಬರ ಮೇಲೊಬ್ಬರು ಒರಗಿ ನಿಂತಿದ್ದರೂ ಅಲ್ಲಿ ಯಾರೂ ಕೂತಿರಲಿಲ್ಲ. ಕೂತವರಲ್ಲಿ ನನ್ನ ಹೊಟ್ಟೆ ನೋಡಿ ಎದ್ದವರೂ ಇಲ್ಲ.

"ಯಾರೋ ಟವೆಲ್ ಹಾಕಿ ಹೋಗಿದಾರೆ ಅಕ್ಕಾ, ಈಗ ಬರ್ತಾರೆ," ಎಂದ ಕಂಡಕ್ಟರ್.

ಯಾರೂ ಬರಲಿಲ್ಲ. ಕೆಳಗಿದ್ದ ಅತ್ತೆ ಕಿಟಕಿ ಬಡಿದು, ಇಳಿ ಎಂದು ಕೈಮಾಡಿದರು. ಅಷ್ಟರಲ್ಲಿ ಗಾಡಿ ಹೊರಟಿತು. ಚಕ್ರ ತಿರುಗಿದ ಮೇಲೆ ಟವೆಲ್ಲಿಗೆ ಹಕ್ಕಿಲ್ಲ, ಅದು ನಮ್ಮ ಸ್ಟ್ಯಾಂಡಿನ ಕಾಯಿದೆ. ನಾನು ಕೈಚಾಚಿದೆ. ಮುದುಕಿ ಕಾಲು ಮಡಚಿ ದಾರಿ ಬಿಟ್ಟಳು.

"ಕೂತ್ಕ ಮಗಾ. ಅವ ಎದ್ದ."

ಟವೆಲ್ಲು ತೆಗೆದು ಕೂತೆ. ಸೀಟು ಬೆಚ್ಚಗಿತ್ತು. ಬಿಸಿಲಿನದಲ್ಲ, ಬೆಳಿಗ್ಗೆ ಆ ಬದಿಗೆ ಬಿಸಿಲು ಬೀಳುವುದಿಲ್ಲ. ಯಾರೋ ಬಹಳ ಹೊತ್ತು ಕೂತು ಈಗಷ್ಟೇ ಎದ್ದು ಹೋದಂಥ ಮೈಬಿಸಿ. ಬೆನ್ನು ಒರಗಿಸಿದರೆ ಅಲ್ಲೂ ಅದೇ. ಹೆದರಿದೆ, ಸುಳ್ಳು ಹೇಳುವುದಿಲ್ಲ. ಆದರೆ ಏಳಲಿಲ್ಲ. ಎದ್ದರೆ ಕೆಲಸ ಹೋಗುತ್ತಿತ್ತು.

ಎದ್ದದ್ದು ಯಾರು ಎಂದು ಮುದುಕಿಯನ್ನು ಕೇಳಿದೆ.

"ಎದ್ದವ ಎದ್ದ. ನಿಂಗೆ ಸೀಟ್ ಸಿಕ್ತಲ್ಲೆ, ಸಾಕಲ್ಲ?" ಎಂದು ನಕ್ಕು ಅಮದಳ್ಳಿಯಲ್ಲಿ ಇಳಿದಳು.

ಪಕ್ಕದಲ್ಲಿ ನಿಂತಿದ್ದ ಗಂಡಸನ್ನು, ನೀವು ಯಾಕೆ ಕೂರಲಿಲ್ಲ ಎಂದೆ. "ಖಾಲಿ ಎಲ್ಲಿತ್ತು ಅದು?" ಎಂದು ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. ಕಾರವಾರದಲ್ಲಿ ಟವೆಲ್ಲನ್ನು ಕಂಟ್ರೋಲ್ ರೂಮಿಗೆ ಕೊಟ್ಟೆ. ಕೇಳಿಕೊಂಡು ಯಾರೂ ಬರಲಿಲ್ಲ.

ಇಷ್ಟೇ ಆಗಿದ್ದರೆ ಮರೆಯುತ್ತಿದ್ದೆ. ಮರುದಿನವೂ ಅದೇ ಸೀಟು ಖಾಲಿ. ಅದರ ಮರುದಿನವೂ. ಟವೆಲ್ಲಿಲ್ಲ, ಕಂಡಕ್ಟರ್ ಬೇರೆ, ಗಾಡಿಯೂ ಕೆಲವೊಮ್ಮೆ ಬೇರೆ. ಎಷ್ಟೇ ರಶ್ ಇದ್ದರೂ ಆ ಒಂದು ಜಾಗ ಬೆಚ್ಚಗೆ ನನಗಾಗಿ ಉಳಿದಿರುತ್ತಿತ್ತು. ಸುದ್ದಿ ಕೇಳಿದ ಅತ್ತೆ ಮಂತ್ರಿಸಿದ ದಾರ ತಂದರು, ಕೆಲಸ ಬಿಡು ಎಂದು ಅತ್ತರು. ದಾರ ಕಟ್ಟಿಸಿಕೊಳ್ಳಲಿಲ್ಲ. ಸೀಟು ಸಿಕ್ಕರೆ ಹೋಗು ಎಂದವರು ನೀವೇ ಅಲ್ಲವೇ ಎಂದೆ. ಹೆರಿಗೆಯ ಹಿಂದಿನ ವಾರದವರೆಗೂ ಹೋದೆ.

ಮಗಳು ಹುಟ್ಟಿ ಎರಡು ತಿಂಗಳಿಗೆ ಮತ್ತೆ ಬಸ್ಸು ಹತ್ತಿದೆ. ಅಲ್ಲಿ ಯಾರೋ ಕಾಲೇಜು ಹುಡುಗ ಕೂತು ನಿದ್ದೆ ಮಾಡುತ್ತಿದ್ದ. ಕಾರವಾರದವರೆಗೂ ನಿಂತೇ ಹೋದೆ. ಭಯ ಹೋದುದಕ್ಕೆ ಸಮಾಧಾನವಾಗಬೇಕಿತ್ತು, ನನಗೆ ಅಳು ಬಂತು.

ಒಳ್ಳೆಯ ಆತ್ಮವಿರಬೇಕು, ತೆಂಗಿನಕಾಯಿ ಒಡೆಸು ಎಂದವರಿದ್ದಾರೆ. ಒಡೆಸಲಿಲ್ಲ. ಬಸುರಿಯ ಭ್ರಮೆ ಎಂದವರೂ ಇದ್ದಾರೆ. ಅವರ ಮಾತಿಗೂ ತಲೆಯಾಡಿಸಲಾರೆ, ಆ ಬಿಸಿ ಇನ್ನೂ ನನ್ನ ಬೆನ್ನಿಗೆ ಗೊತ್ತು. ಎದ್ದು ಜಾಗ ಕೊಟ್ಟವನು ಯಾರೆಂದು ಇಂದಿಗೂ ತಿಳಿದಿಲ್ಲ. ಏಳದೆ ಕೂತಿದ್ದವರ ಮುಖ ಮಾತ್ರ ಒಂದೊಂದೂ ನೆನಪಿದೆ.