ಶೇಖಮ್ಮ ಮಸ್ಕತ್ತಿನಿಂದ ತಂದ ನೋಟುಬುಕ್ಕುಗಳು

ಮಕ್ತಲದ ಕುರುಬರ ಓಣಿಯ ಶೇಖಮ್ಮನ ಮುತ್ತಜ್ಜ ಬೀರಣ್ಣ, ಕೃಷ್ಣೆ ತುಂಬಿ ಬಂದ ವರ್ಷ ಮುನ್ನೂರು ಕುರಿ ದಾಟಿಸಿ ಒಂದು ಮರಿಯನ್ನೂ ನೀರಿಗೆ ಕೊಡದವನು. ಅವನ ಮಗ ಸಿದ್ದಪ್ಪನದು ಕಂಬಳಿ ನೇಯುವುದರಲ್ಲಿ ಪಳಗಿದ ಕೈ. ಒಂದು ಎಳೆ ತಪ್ಪಿದರೆ ನೇಯ್ದ ಮೊಳವನ್ನೆಲ್ಲ ಬಿಚ್ಚಿ ಮತ್ತೆ ನೇಯುತ್ತಿದ್ದ. ಕೊಳ್ಳಲು ಬಂದವರು ಕಾಯಬೇಕು, ಕಾಯುತ್ತಿದ್ದರು. ಆ ಕಂಬಳಿ ಹೊದ್ದೇ ಬೆಳೆದವನು ಅದೇ ಓಣಿಯ ನಾನು. ಶೇಖಮ್ಮನ ಅಪ್ಪ ಯಂಕಣ್ಣ ನಲವತ್ತು ದಾಟಿದ ಮೇಲೆ ಕುರಿಹಟ್ಟಿಯಲ್ಲಿ ಕೂತು ಅಕ್ಷರ ಕಲಿತ.

ಗಂಡ ತೀರಿದ ಮೇಲೆ ಶೇಖಮ್ಮ ಮೂರು ವರ್ಷದ ಮಗಳು ಮಲ್ಲೇಶ್ವರಿಯನ್ನು ತಾಯಿಯ ಮಡಿಲಿಗೆ ಹಾಕಿ ಮಸ್ಕತ್ತಿಗೆ ಹೋದಳು. ಮಗಳಿಗೆ ಚೆನ್ನಾಗಿ ಇಂಗ್ಲಿಷ್ ಬರಬೇಕು, ಅಷ್ಟೇ ಅವಳ ಹಟ. ಅಲ್ಲಿ ಭಾರಿ ಫೀಸಿನ ಒಂದು ಇಂಗ್ಲಿಷ್ ಶಾಲೆಯಲ್ಲಿ ಆಯಾ ಕೆಲಸ: ಮಕ್ಕಳ ಕೈ ತೊಳೆಸುವುದು, ಬೂಟು ಕಟ್ಟುವುದು, ಅತ್ತವರನ್ನು ರಮಿಸುವುದು. ಏಳು ವರ್ಷ ಮಾಡಿ ಹೋದ ವರ್ಷ ಊರಿಗೆ ಬಂದಳು.

ಪೆಟ್ಟಿಗೆಯಲ್ಲಿ ಬಂಗಾರ ಇದ್ದೀತೆಂದು ಓಣಿಯೆಲ್ಲ ಕತ್ತು ಚಾಚಿತು. ಇದ್ದದ್ದು ಐವತ್ತರ ಮೇಲೆ ನೋಟುಬುಕ್ಕು. ಆ ಶಾಲೆಯಲ್ಲಿ ಮೂರು ತಿಂಗಳಿಗೊಬ್ಬ ಟೀಚರು ಬದಲಾಗುತ್ತಿದ್ದರಂತೆ. ಹೊಸಬರು ಬಂದರೆ ಹೊಸ ಬುಕ್ಕು, ಪಾಠ ಮತ್ತೆ ಮೊದಲಿನಿಂದ, ಹಳೆಯದು ಕಸಕ್ಕೆ. ಮೊದಲ ಹತ್ತು ಹಾಳೆ ಬಿಟ್ಟರೆ ಎಲ್ಲ ಖಾಲಿ. ಮಲ್ಲಿ ಬರೆಯಲಿ ಎಂದು ಆರಿಸಿ ತಂದಿದ್ದಳು.

ಒಂದು ದಿನ ಮಲ್ಲಿ ಆ ಬರೆದ ಹಾಳೆಗಳನ್ನು ಓದಿ ತಾಯಿಗೆ ಅರ್ಥ ಹೇಳಿದಳು. ಪಾಠ 'ನನ್ನ ಕುಟುಂಬ'. ನನಗೊಬ್ಬ ಅಣ್ಣ, ಮನೆಯಲ್ಲೊಂದು ಕರಿ ನಾಯಿ. ಇನ್ನೊಂದು ಬುಕ್ಕು ತೆಗೆದರೆ ಅಲ್ಲೂ ಅಣ್ಣ, ಅಲ್ಲೂ ಕರಿ ನಾಯಿ. ಅವತ್ತು ತೆಗೆದ ಹದಿನೆಂಟು ಬುಕ್ಕಿನಲ್ಲೂ ಅದೇ. ಎಲ್ಲದರ ಕೆಳಗೆ ಒಂದು ನಕ್ಷತ್ರ.

ಶೇಖಮ್ಮ ಒಂದು ಬುಕ್ಕಿನ ರಟ್ಟಿಗೆ ಅಂಟಿಸಿದ್ದ ಮಗುವಿನ ಫೋಟೊ ನೋಡಿದಳು. "ಈ ಕೂಸಿಗೆ ಅಣ್ಣ ಎಲ್ಲಿಂದ ಬಂದ? ಒಬ್ಬಾಕೇ ಮಗಳು. ಏಳನೇ ಅಂತಸ್ತಿನ್ಯಾಗ ಇರ್ತಾರ, ನಾಯಿ ಎಲ್ಲಿ ಕಟ್ತಾರ?"

"ಬೋರ್ಡಿನ ಮ್ಯಾಗಿಂದು ಬರಕೊಂಡಾರವ್ವ."

"ಮತ್ತ ನಕ್ಷತ್ರ ಯಾಕ ಕೊಟ್ಟಾರ?"

"ಅಕ್ಷರ ಚಂದ ಅದಾವಲ್ಲ."

ಈ ಬೇಸಿಗೆಯಲ್ಲಿ ನಾರಾಯಣಪೇಟೆಯ ಸೀರೆ ವ್ಯಾಪಾರಿ ಶಿವಕಾಂತ ಶೇಖಮ್ಮನ ಮನೆಗೆ ಬಂದ. ಮಸ್ಕತ್ತಿನಲ್ಲಿ ಅಂಗಡಿ ಹಾಕಿದ್ದಾನೆ. ಮಗಳು ಕಾವ್ಯಳನ್ನು ಅದೇ ಶಾಲೆಗೆ ಸೇರಿಸುವವನು.

"ಕಾವ್ಯನ್ನ ನೋಡಿಕೊಳ್ಳಾಕ ನೀ ಬಂದುಬಿಡು ಶೇಖಮ್ಮ. ಮಲ್ಲೀನೂ ಕರಕೊ. ಅದೇ ಶಾಲಿ, ಫೀಸು ನಂದು."

ಕಟ್ಟೆ ಮೇಲೆ ಕೂತಿದ್ದ ನಾವೆಲ್ಲ ಬಾಗಿಲ ಕಡೆ ತಿರುಗಿದೆವು. ಮಲ್ಲಿ ಬಾಗಿಲಿಗೆ ಬಂದು ನಿಂತಳು. ಶೇಖಮ್ಮ ಒಂದು ನೋಟುಬುಕ್ಕು ತಂದು ಅವನ ಕೈಗಿಟ್ಟಳು. ಮೊದಲಿನ ಹಾಳೆಗಳಲ್ಲಿ ಕರಿ ನಾಯಿ, ನಕ್ಷತ್ರ. ಉಳಿದವು ಮಲ್ಲಿ ಬರೆದವು. ಇಲ್ಲಿಯ ಸರ್ಕಾರಿ ಶಾಲೆಯ ಅಂಜಯ್ಯ ಸಾರು ಮೂರು ವರ್ಷದಿಂದ ಮಲ್ಲಿಯ ತರಗತಿಯ ಮಕ್ಕಳಿಗೆ, ನಿನ್ನೆ ಮನೆಯಲ್ಲಿ ಏನಾಯಿತೆಂದು ದಿನಾ ಐದು ಸಾಲು ಇಂಗ್ಲಿಷಿನಲ್ಲಿ ಬರೆಸಿ ತಿದ್ದುತ್ತಾರೆ.

"ಎಲ್ಲಾ ಕೆಂಪು ಗೀಟೇ ಐತಲ್ಲ," ಎಂದು ಶಿವಕಾಂತ ನಕ್ಕ. "ಇದಕ್ಕೇ ನಿನ್ನ ಮಗಳು ಅಲ್ಲಿಗೆ ಬರಬೇಕು."

"ಗೀಟು ಬಿಡ್ರಿ, ಏನು ಬರದಾಳ ಓದ್ರಿ."

ಅವನು ಓದಿದ. ಕುರಿ ಈದಿತು. ಮರಿ ಎದ್ದು ನಿಲ್ಲಲಿಲ್ಲ. ಅಜ್ಜಿ ಅದನ್ನು ಸೆರಗಿನಲ್ಲಿ ಸುತ್ತಿ ಒಲೆಯ ಹತ್ತಿರ ಕೂತಳು. ನಾನು ಹಾಲು ಕುಡಿಸಿದೆ. ಮುಂಜಾನೆ ನಿಂತಿತು.

ಶಿವಕಾಂತ ತಲೆ ಎತ್ತಿದ. "ಖರೇನ ನಿಂತಿತೇನು?"

"ಹಿತ್ತಲದಾಗ ಐತಿ, ನೋಡಿ ಹೋಗ್ರಿ."

"ಹಂಗಾದ್ರ ಕಾವ್ಯಾನ ಏನು ಮಾಡ್ಲಿ?"

"ಆ ಊರಾಗ ಒಳ್ಳೆ ಶಾಲೀನೂ ಇರಬಹುದ್ರಿ, ನಾ ಕಂಡದ್ದು ಇದೊಂದ. ಟೀಚರು ಎಷ್ಟು ವರ್ಷದಿಂದ ಅದಾರ ಅಂತ ಕೇಳಿ ಸೇರಿಸ್ರಿ."

ಶಿವಕಾಂತನಿಗೆ ಬರಿಗೈಲಿ ಎದ್ದುಹೋಗಲು ಮನಸ್ಸಾಗಲಿಲ್ಲ. "ಮಲ್ಲೀನ ಗದ್ವಾಲದಾಗರ ದೊಡ್ಡ ಶಾಲಿಗೆ ಹಾಕು. ಫೀಸು ನಾ ಕೊಡ್ತೀನಿ."

ಶೇಖಮ್ಮ ಮಲ್ಲಿಯ ಮುಖ ನೋಡಿದಳು. ಮಲ್ಲಿ ನೋಟುಬುಕ್ಕು ವಾಪಸು ಇಸಿದುಕೊಂಡಳು. ಅವತ್ತಿನ ಐದು ಸಾಲು ಇನ್ನೂ ಬಾಕಿ ಇದ್ದವು.

"ಬ್ಯಾಡ್ರಿ ಸಾವಕಾರ್ರ," ಎಂದಳು ಶೇಖಮ್ಮ. "ತಪ್ಪಿದ ಎಳಿ ನಮ್ಮಜ್ಜ ಬಿಚ್ಚತಿದ್ದ, ಅಂಜಯ್ಯ ಸಾರೂ ಬಿಚ್ಚತಾರ. ಅವರು ಇರೋತನಕ ಇಲ್ಲೇ ಓದ್ತಾಳ. ಬರಿಯಾಕ ಬುಕ್ಕು ಇನ್ನೂ ನಲವತ್ತು ಅದಾವ."